ಸ್ಕ್ವಿಡ್ ಪ್ರಾಕ್ಸಿ ಹಾಕಿದ್ಮೇಲೆ ಆಫೀಸಿನ ಒಳಗಿನ ಹೆಸರುಗಳು ಓಪನ್ ಆಗ್ತಿಲ್ವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಕುಮಟಾ, ಕಾರವಾರ ಕಡೆ ಸೊಸೈಟಿ ಆಫೀಸು, ಶಾಲೆ ಲ್ಯಾಬು, ಸಣ್ಣ ಲಾಡ್ಜು, ಎಲ್ಲಿ ನೋಡಿದ್ರೂ ಒಂದೇ ಇಂಟರ್ನೆಟ್ ಲೈನನ್ನ ಹತ್ತಿಪ್ಪತ್ತು ಜನ ಹಂಚ್ಕೋತಾರೆ, ಅದಕ್ಕೇ ನಡುವೆ ಒಂದು ಸ್ಕ್ವಿಡ್ (ಎಲ್ಲರ ವೆಬ್ ಕೋರಿಕೆಯನ್ನೂ ತಾನು ತಗೊಂಡು ಮುಂದೆ ಕಳಿಸೋ ಪ್ರಾಕ್ಸಿ ಸಾಫ್ಟ್‌ವೇರು) ಕೂರ್ಸೋದು ಇನ್ನೂ ನಡೀತಾ ಇದೆ. ಈಗ ಹೆಚ್ಚಿನ ಸೈಟು ಎಚ್‌ಟಿಟಿಪಿಎಸ್ ಆಗಿರೋದ್ರಿಂದ ಕ್ಯಾಶ್‌ನಿಂದ (ಒಮ್ಮೆ ತಂದ ಪೇಜಿನ ನಕಲು ಇಟ್ಕೊಳ್ಳೋದ್ರಿಂದ) ಸಿಗೋ ಲಾಭ ಮೊದಲಿನಷ್ಟಿಲ್ಲ, ಆದ್ರೆ ಯಾರಿಗೆ ಯಾವ ಸೈಟ್ ಬಿಡಬೇಕು, ಯಾರು ಎಷ್ಟು ಡೇಟಾ ತಿಂದ್ರು ಅನ್ನೋ ಲೆಕ್ಕಕ್ಕೆ ಇದು ಬೇಕೇ ಬೇಕು. ತೊಂದರೆ ಶುರುವಾಗೋದು ಹೊರಗಿನ ಸೈಟಿಂದ ಅಲ್ಲ, ಆಫೀಸಿನ ಒಳಗೇ ಇರೋ ಲೆಕ್ಕದ ಸಾಫ್ಟ್‌ವೇರು, ಪ್ರಿಂಟರ್ ಪೇಜು, ಸಿಸಿಟಿವಿ ಬಾಕ್ಸು, ಇವೆಲ್ಲ ಹೆಸರು ಹೊಡೆದ್ರೆ ಓಪನ್ ಆಗಲ್ಲ ಅನ್ನೋದ್ರಿಂದ. ಅದೊಂದರ ಬಗ್ಗೆ ಬರೋ ಪ್ರಶ್ನೆಗಳನ್ನೆಲ್ಲ ಇಲ್ಲಿ ಸೇರ್ಸಿದೀನಿ.

ಒಂದು ಸೂಚನೆ: ಸೆಟ್ಟಿಂಗ್ ಹೆಸರುಗಳನ್ನ ಓದೋಕೆ ಅನುಕೂಲ ಆಗ್ಲಿ ಅಂತ ಕನ್ನಡ ಲಿಪಿಲೇ ಬರ್ದಿದೀನಿ. ಸ್ಕ್ವಿಡ್ಡಿನ ಸೆಟ್ಟಿಂಗೆಲ್ಲ ಇರೋ ಸ್ಕ್ವಿಡ್.ಕಾನ್ಫ್ ಫೈಲಲ್ಲಿ ಅದನ್ನ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಪದ ಪದದ ನಡುವೆ ಅಂಡರ್‌ಸ್ಕೋರ್ ಇಟ್ಟು ಬರೀರಿ. ಉದಾಹರಣೆಗಳಲ್ಲಿ ಒಳಗಿನ ಸರ್ವರ್ ಹೆಸರು "ಲೆಕ್ಕ", ಒಳಗಿನ ಡೊಮೇನ್ "ಆಫೀಸ್.ಇಂಟರ್ನಲ್" ಅಂತ ಇಟ್ಕೊಂಡಿದೀನಿ.

ಪ್ರಾಕ್ಸಿ ಇಲ್ದಿದ್ದಾಗ ಲೆಕ್ಕದ ಪೇಜ್ ಸರಿಯಾಗಿ ಬರ್ತಿತ್ತು, ಪ್ರಾಕ್ಸಿ ಹಾಕಿದ ಕೂಡ್ಲೇ ಹೋಯ್ತು, ಯಾಕೆ?

ಯಾಕಂದ್ರೆ ಹೆಸರನ್ನ ಐಪಿ ಅಡ್ರೆಸ್ ಆಗಿ ಬದಲಾಯಿಸೋ ಕೆಲಸ ನಿಮ್ಮ ಪಿಸಿಯಿಂದ ಪ್ರಾಕ್ಸಿಗೆ ಹೋಯ್ತು. ಬ್ರೌಸರಿಗೆ ಪ್ರಾಕ್ಸಿ ಸೆಟ್ ಮಾಡಿದ್ಮೇಲೆ ಅದು "ಲೆಕ್ಕ ಎಲ್ಲಿದೆ" ಅಂತ ತಾನು ಹುಡುಕೋದೇ ಇಲ್ಲ, ಪೂರ್ತಿ ಅಡ್ರೆಸ್ಸನ್ನ ಹಾಗೇ ಸ್ಕ್ವಿಡ್ ಕೈಗೆ ಕೊಟ್ಟು ಸುಮ್ಮನಾಗ್ತದೆ, ಹುಡುಕೋದು ಸ್ಕ್ವಿಡ್ಡು. ಸ್ಕ್ವಿಡ್ಡಿಗೆ ಆ ಹೆಸರು ಗೊತ್ತಿಲ್ಲ ಅಂದ್ರೆ 503 ಎರರ್, ಹೋಸ್ಟ್ ಹೆಸರಿಂದ ಐಪಿ ಅಡ್ರೆಸ್ ಕಂಡುಹಿಡಿಯೋಕೆ ಆಗ್ಲಿಲ್ಲ ಅನ್ನೋ ಪೇಜು. ಇದೊಂದು ತಲೇಲಿ ಕೂತ್ರೆ ಕೆಳಗಿನ ಅರ್ಧ ಪ್ರಶ್ನೆಗೆ ಉತ್ತರ ನಿಮಗೇ ಹೊಳೀತದೆ. ಯಾವಾಗ್ಲೂ ಕೇಳ್ಬೇಕಾದ್ದು "ನನ್ನ ಪಿಸಿಗೆ ಗೊತ್ತಾ" ಅಂತ ಅಲ್ಲ, "ಪ್ರಾಕ್ಸಿಗೆ ಗೊತ್ತಾ" ಅಂತ.

ನನ್ನ ವಿಂಡೋಸ್ ಪಿಸಿಯಲ್ಲಿ ಪಿಂಗ್ ಲೆಕ್ಕ ಅಂದ್ರೆ ರಿಪ್ಲೈ ಬರ್ತದಲ್ಲ, ಹೋಸ್ಟ್ಸ್ ಫೈಲಲ್ಲೂ (ಯಾವ ಹೆಸರಿಗೆ ಯಾವ ಐಪಿ ಅಂತ ಬರ್ದಿಡೋ ಫೈಲು) ಹಾಕಿದೀನಿ

ಎರಡೂ ಇಲ್ಲಿ ಲೆಕ್ಕಕ್ಕೆ ಬರಲ್ಲ. ವಿಂಡೋಸ್ ತನ್ನ ಅಕ್ಕಪಕ್ಕದ ಮಶೀನ್‌ಗಳ ಹೆಸರನ್ನ ಡಿಎನ್‌ಎಸ್ (ಹೆಸರು ಕೇಳಿದ್ರೆ ಐಪಿ ಹೇಳೋ ವ್ಯವಸ್ಥೆ) ಇಲ್ದೇನೂ ಹುಡುಕ್ತದೆ, ನೆಟ್‌ಬಯೋಸ್ ಬ್ರಾಡ್‌ಕಾಸ್ಟು, ಎಲ್‌ಎಲ್‌ಎಮ್‌ಎನ್‌ಆರ್ ಅಂತೆಲ್ಲ ದಾರಿ ಇವೆ ಅದಕ್ಕೆ. ಲಿನಕ್ಸ್ ಮೇಲೆ ಕೂತಿರೋ ಸ್ಕ್ವಿಡ್ ಆ ದಾರಿಯಲ್ಲಿ ಹೋಗೋದೇ ಇಲ್ಲ. ನಿಮ್ಮ ಪಿಸಿಯ ಹೋಸ್ಟ್ಸ್ ಫೈಲ್ ನಿಮ್ಮ ಪಿಸಿಗೆ ಮಾತ್ರ.

ಸರಿ, ಪ್ರಾಕ್ಸಿ ಸರ್ವರ್ ಮೇಲೇ ಕೂತು ಪಿಂಗ್ ಮಾಡಿದೆ, ಅಲ್ಲೂ ರಿಪ್ಲೈ ಬರ್ತದೆ, ಆದ್ರೂ ಸ್ಕ್ವಿಡ್ ಗೊತ್ತಿಲ್ಲ ಅಂತದೆ

ಇದು ತುಂಬ ಜನರನ್ನ ದಾರಿ ತಪ್ಪಿಸೋ ಜಾಗ, ಸ್ವಲ್ಪ ನಿಧಾನ ಓದಿ. ಲಿನಕ್ಸಲ್ಲಿ ಪಿಂಗ್, ಕರ್ಲ್ ಇಂಥವೆಲ್ಲ ಸಿಸ್ಟಮ್ಮಿನ ರಿಸಾಲ್ವರ್ ಲೈಬ್ರರಿಗೆ ಕೇಳ್ತವೆ, ಅದು ಎನ್‌ಎಸ್‌ಸ್ವಿಚ್ ಫೈಲ್ ನೋಡಿ ಹೋಸ್ಟ್ಸ್ ಫೈಲು, ಎಮ್‌ಡಿಎನ್‌ಎಸ್, ಡಿಎನ್‌ಎಸ್ ಅಂತ ಒಂದೊಂದೇ ಕಡೆ ಹುಡುಕ್ತದೆ. ಸ್ಕ್ವಿಡ್ ಹಾಗಲ್ಲ, ಅದರ ಹೊಟ್ಟೇಲೇ ಅದರದ್ದೇ ಡಿಎನ್‌ಎಸ್ ಕ್ಲೈಂಟ್ ಇದೆ. ಲೈಬ್ರರಿ ಮೂಲಕ ಕೇಳಿದ್ರೆ ಒಂದು ಉತ್ತರ ಬರೋವರೆಗೆ ಇಡೀ ಪ್ರೋಸೆಸ್ ಕಾಯಬೇಕಾಗ್ತದೆ, ನೂರಾರು ಕನೆಕ್ಷನ್ ಒಂದೇ ಪ್ರೋಸೆಸ್ಸಲ್ಲಿ ನಡೆಸೋ ಸ್ಕ್ವಿಡ್ಡಿಗೆ ಅದು ಆಗೋ ಮಾತಲ್ಲ. ಹಾಗಾಗಿ ಅದು ಶುರುವಾಗುವಾಗ ಇಟಿಸಿ ಫೋಲ್ಡರಿನ ರಿಸಾಲ್ವ್.ಕಾನ್ಫ್ ಓದಿ ನೇಮ್‌ಸರ್ವರ್ (ಡಿಎನ್‌ಎಸ್ ಪ್ರಶ್ನೆಗೆ ಉತ್ತರ ಕೊಡೋ ಸರ್ವರ್) ಯಾರು ಅಂತ ತಿಳ್ಕೋತದೆ, ಹೋಸ್ಟ್ಸ್ ಫೈಲ್ ಒಂದನ್ನ ಓದ್ಕೋತದೆ, ಮುಗೀತು. ಎನ್‌ಎಸ್‌ಸ್ವಿಚ್ ನೋಡಲ್ಲ.

ಅದಕ್ಕೇ ಪಿಂಗ್ ಬಂತು ಅಂತ ನಂಬ್ಬೇಡಿ. ಡಿಗ್ ಕಮಾಂಡಲ್ಲಿ, ಸ್ಕ್ವಿಡ್ ಯಾವ ನೇಮ್‌ಸರ್ವರ್ ಬಳಸ್ತದೋ ಅದರ ಐಪಿಯನ್ನೇ ಆಟ್ ಚಿಹ್ನೆ ಹಾಕಿ ಕೊಟ್ಟು, ಪೂರ್ತಿ ಹೆಸರನ್ನ (ಲೆಕ್ಕ.ಆಫೀಸ್.ಇಂಟರ್ನಲ್) ಕೇಳಿ. ಅಲ್ಲಿ ಉತ್ತರ ಬಂದ್ರೆ ಸ್ಕ್ವಿಡ್ಡಿಗೂ ಬರ್ತದೆ, ಇಲ್ಲಾಂದ್ರೆ ಇಲ್ಲ. ಎನ್‌ಎಸ್‌ಲುಕಪ್, ಹೋಸ್ಟ್ ಕಮಾಂಡುಗಳು ತಾವೇ ಡೊಮೇನ್ ಸೇರ್ಸಿ ನೋಡ್ತವೆ, ಆದ್ರಿಂದ ಈ ಪರೀಕ್ಷೆಗೆ ಡಿಗ್ಗೇ ಸರಿ.

ಹೋಸ್ಟ್ಸ್ ಫೈಲ್ ಓದ್ತದೆ ಅಂದ್ರಲ್ಲ, ಪ್ರಾಕ್ಸಿ ಸರ್ವರಿನ ಹೋಸ್ಟ್ಸ್ ಫೈಲಿಗೆ ಸೇರ್ಸಿದೆ, ಆದ್ರೂ ಬರ್ತಿಲ್ಲ

ಸೇರ್ಸಿದ ಮೇಲೆ ಸ್ಕ್ವಿಡ್ಡಿಗೆ ಹೇಳಿದ್ರಾ? ಆ ಫೈಲನ್ನ ಅದು ಪ್ರತಿ ಸಲ ತೆರೆದು ನೋಡಲ್ಲ, ಸ್ಟಾರ್ಟ್ ಆಗುವಾಗ ಮತ್ತು ರೀಕಾನ್ಫಿಗರ್ ಮಾಡಿದಾಗ ಮಾತ್ರ ಓದ್ತದೆ. ಸ್ಕ್ವಿಡ್ ಕಮಾಂಡಿಗೆ ಮೈನಸ್ ಕೆ ಹಾಕಿ ರೀಕಾನ್ಫಿಗರ್ ಅಂದ್ರೆ ಸಾಕು, ಯಾರ ಡೌನ್‌ಲೋಡ್ ನಡೀತಿದೆ ಅಂತ ಹೆದರಿ ರೀಸ್ಟಾರ್ಟಿಗೆ ರಾತ್ರಿ ಕಾಯೋದು ಬೇಡ. ಅದಕ್ಕೂ ಮುಂಚೆ ಮೈನಸ್ ಕೆ ಪಾರ್ಸ್ ಅಂತ ಒಮ್ಮೆ ಹೊಡೀರಿ, ಕಾನ್ಫಿಗ್‌ನಲ್ಲಿ ತಪ್ಪಿದ್ರೆ ಅಲ್ಲೇ ಕಾಣ್ತದೆ.

ಇನ್ನೊಂದು, ಸ್ಕ್ವಿಡ್ಡನ್ನ ಡಾಕರ್ ಕಂಟೇನರಲ್ಲಿ ಓಡಿಸ್ತಿದ್ರೆ ಅದು ಓದೋದು ಕಂಟೇನರ್ ಒಳಗಿನ ಹೋಸ್ಟ್ಸ್ ಫೈಲು, ಹೊರಗಿನ ಮಶೀನಿಂದಲ್ಲ. ಹೋಸ್ಟ್ಸ್ ಫೈಲ್ ಅನ್ನೋ ಸೆಟ್ಟಿಂಗ್ "ನನ್" (ಯಾವುದೂ ಬೇಡ) ಅಂತ ಇದೆಯಾ ಅದನ್ನೂ ನೋಡಿ, ಹಾಗಿದ್ರೆ ಓದೋದೇ ಇಲ್ಲ.

ಪೂರ್ತಿ ಹೆಸರು ಹೊಡೆದ್ರೆ ಬರ್ತದೆ, ಬರೀ "ಲೆಕ್ಕ" ಅಂದ್ರೆ ಬರಲ್ಲ

ಶಿರಸಿ ಸೀಮೇಲಿ ನಿಂತು "ಹೆಗಡೇರ ಮನೆ ಎಲ್ಲಿ" ಅಂತ ಕೇಳಿದ ಹಾಗೆ ಇದು, ಯಾವ ಊರಿನ ಹೆಗಡೇರು ಅಂತ ಹೇಳ್ದೆ ಯಾರೂ ದಾರಿ ತೋರ್ಸೋಕಾಗಲ್ಲ. ನಿಮ್ಮ ಪಿಸಿ ಊರಿನ ಹೆಸರನ್ನ ತಾನೇ ಸೇರ್ಸಿ ಕೇಳ್ತದೆ, ಡಿಎಚ್‌ಸಿಪಿಯಿಂದ (ಪಿಸಿಗಳಿಗೆ ಐಪಿ, ಡಿಎನ್‌ಎಸ್ ವಿವರ ತಾನೇ ಹಂಚೋ ವ್ಯವಸ್ಥೆ) ಬಂದ ಸರ್ಚ್ ಡೊಮೇನ್ ಅಂದ್ರೆ ಅದೇ. ಸ್ಕ್ವಿಡ್ ಡೀಫಾಲ್ಟಾಗಿ ಹಾಗೆ ಸೇರ್ಸಲ್ಲ, ರಿಸಾಲ್ವ್.ಕಾನ್ಫ್‌ನಲ್ಲಿ ಸರ್ಚ್ ಅಂತ ಸಾಲು ಇದ್ರೂ ಸೇರ್ಸಲ್ಲ.

ಎರಡು ದಾರಿ ಇದೆ. ಒಂದು ಅಪೆಂಡ್_ಡೊಮೇನ್, ಅದಕ್ಕೆ .ಆಫೀಸ್.ಇಂಟರ್ನಲ್ ಅಂತ ಕೊಟ್ರೆ ಚುಕ್ಕಿ ಇಲ್ಲದ ಹೆಸರು ಯಾವುದೇ ಬರ್ಲಿ ಅದಕ್ಕೆ ಇದನ್ನ ಅಂಟಿಸ್ತದೆ. ಶುರುವಿನಲ್ಲಿ ಚುಕ್ಕಿ ಇರ್ಲೇಬೇಕು, ಮರೆತ್ರೆ ಸ್ಕ್ವಿಡ್ ಒಪ್ಪಲ್ಲ. ಹೋಸ್ಟ್ಸ್ ಫೈಲಲ್ಲಿ ಚುಕ್ಕಿ ಇಲ್ಲದೆ ಬರೆದ ಹೆಸರಿಗೂ ಇದೇ ಡೊಮೇನ್ ಸೇರ್ತದೆ, ಅದು ಅನುಕೂಲವೇ. ಇನ್ನೊಂದು ಡಿಎನ್‌ಎಸ್_ಡೆಫ್‌ನೇಮ್ಸ್, ಡೀಫಾಲ್ಟಲ್ಲಿ ಆಫ್ ಇರ್ತದೆ, ಆನ್ ಮಾಡಿದ್ರೆ ರಿಸಾಲ್ವ್.ಕಾನ್ಫ್‌ನ ಸರ್ಚ್ ಲಿಸ್ಟನ್ನ ಬಳಸ್ತದೆ.

ನಾನು ಹೇಳೋದಾದ್ರೆ ಒಂದೇ ಒಳ ಡೊಮೇನ್ ಇದ್ರೆ ಅಪೆಂಡ್_ಡೊಮೇನೇ ಒಳ್ಳೇದು. ಕಾನ್ಫಿಗ್ ಫೈಲಲ್ಲೇ ಕಣ್ಣಿಗೆ ಕಾಣ್ತದೆ, ನಾಳೆ ನೀವಿಲ್ದಾಗ ಬೇರೆಯವ್ರು ಬಂದು ನೋಡಿದ್ರೂ ಗೊತ್ತಾಗ್ತದೆ. ರಿಸಾಲ್ವ್.ಕಾನ್ಫ್ ಅನ್ನೋದು ಡಿಎಚ್‌ಸಿಪಿ ಬಂದಾಗೊಮ್ಮೆ, ಅಪ್‌ಡೇಟ್ ಆದಾಗೊಮ್ಮೆ ಬದಲಾಗೋ ಫೈಲು, ಅದರ ಮೇಲೆ ಆಫೀಸಿನ ಕೆಲಸ ನಿಲ್ಲಿಸ್ಬಾರ್ದು.

ಅಪೆಂಡ್_ಡೊಮೇನ್ ಹಾಕಿದ್ಮೇಲೆ ಪೇಜ್ ಬಂತು, ಆದ್ರೆ ಲೆಕ್ಕದ ಪೇಜಲ್ಲ, ವೆಬ್ ಸರ್ವರಿನ ಡೀಫಾಲ್ಟ್ ಪೇಜು

ಸ್ಕ್ವಿಡ್ ಹೆಸರಿಗೆ ಡೊಮೇನ್ ಅಂಟಿಸಿದ ಮೇಲೆ ಮುಂದೆ ಸರ್ವರಿಗೆ ಕಳಿಸೋ ಹೋಸ್ಟ್ ಹೆಡರಲ್ಲೂ (ಯಾವ ಸೈಟ್ ಬೇಕು ಅಂತ ಹೇಳೋ ಸಾಲು) ಉದ್ದದ ಹೆಸರೇ ಹೋಗ್ತದೆ. ಅಲ್ಲಿ ಅಪಾಚೆ ಅಥವಾ ಎಂಜಿನ್‌ಎಕ್ಸ್ ವರ್ಚುವಲ್ ಹೋಸ್ಟಲ್ಲಿ (ಯಾವ ಹೆಸರಿಗೆ ಯಾವ ಸೈಟ್ ಅನ್ನೋ ಸೆಟ್ಟಿಂಗ್) ಬರೀ "ಲೆಕ್ಕ" ಅಂತ ಇದ್ರೆ ಅದಕ್ಕೆ ಇದು ಯಾರೋ ಬೇರೆ. ಅಲ್ಲಿ ಎರಡೂ ಹೆಸರನ್ನ ಸೇರ್ಸಿ. ಸ್ಕ್ವಿಡ್ಡಿನ ಡಿಎಸ್‌ಟಿಡೊಮೇನ್ ಎಸಿಎಲ್‌ಗಳಲ್ಲೂ (ಹೋಗೋ ಡೊಮೇನನ್ನ ಗುರುತಿಸೋ ನಿಯಮಗಳು) ಉದ್ದದ ಹೆಸರನ್ನೇ ಬರೀಬೇಕು.

ಒಳಗಿನ ಡೊಮೇನಿಗೆ .ಲೋಕಲ್ ಅಂತ ಇಟ್ಟಿದೀವಿ, ಅದ್ರಿಂದ ತೊಂದರೆನಾ?

ಹೌದು, ಇವತ್ತಲ್ಲ ನಾಳೆ ತೊಂದರೆ. 2013ರ ಆರ್‌ಎಫ್‌ಸಿ 6762 ಅನ್ನೋ ಇಂಟರ್ನೆಟ್ ನಿಯಮದ ದಾಖಲೆಯಲ್ಲಿ .ಲೋಕಲ್ ಅನ್ನೋದನ್ನ ಮಲ್ಟಿಕಾಸ್ಟ್ ಡಿಎನ್‌ಎಸ್‌ಗೆ ಅಂತ್ಲೇ ಎತ್ತಿಟ್ಟಿದಾರೆ. ಹಾಗಾಗಿ ಆಪಲ್ ಮಶೀನು, ಪ್ರಿಂಟರ್ರು, ಎಷ್ಟೋ ಲಿನಕ್ಸ್ ಇವೆಲ್ಲ ಆ ಹೆಸರನ್ನ ಡಿಎನ್‌ಎಸ್ ಸರ್ವರಿಗೆ ಕೇಳೋ ಬದಲು ನೆಟ್‌ವರ್ಕಲ್ಲಿ ಕೂಗಿ ಕೇಳ್ತವೆ. ಸ್ಕ್ವಿಡ್ ಡೀಫಾಲ್ಟಾಗಿ ಹಾಗೆ ಕೂಗಲ್ಲ, ಡಿಎನ್‌ಎಸ್_ಮಲ್ಟಿಕಾಸ್ಟ್_ಲೋಕಲ್ ಆನ್ ಮಾಡಿದ್ರೆ ಮಾತ್ರ. ಪ್ರಿಂಟರ್ ಪಿಸಿಯಿಂದ ಸಿಗ್ತದೆ, ಪ್ರಾಕ್ಸಿ ಮೂಲಕ ಸಿಗಲ್ಲ ಅನ್ನೋದಕ್ಕೆ ಹೆಚ್ಚಿನ ಸಲ ಇದೇ ಕಾರಣ.

ಹೊಸದಾಗಿ ಶುರು ಮಾಡೋರು .ಇಂಟರ್ನಲ್ ಬಳಸಿ, ಅದನ್ನ ಖಾಸಗಿ ನೆಟ್‌ವರ್ಕಿಗೆ ಅಂತ ಡೊಮೇನ್ ಹೆಸರುಗಳನ್ನ ನೋಡ್ಕೊಳ್ಳೋ ಸಂಸ್ಥೆ ಐಕ್ಯಾನ್ 2024ರಲ್ಲಿ ಮೀಸಲಿಟ್ಟಿದೆ. ಮನೆ ನೆಟ್‌ವರ್ಕಿಗೆ ಹೋಮ್.ಆರ್ಪಾ ಕೂಡ ಇದೆ, 2018ರ ಆರ್‌ಎಫ್‌ಸಿ 8375. ಇಲ್ಲಾಂದ್ರೆ ನಿಮ್ಮದೇ ದುಡ್ಡು ಕೊಟ್ಟು ತಗೊಂಡ ಡೊಮೇನ್ ಇದ್ರೆ ಅದರ ಕೆಳಗೇ ಒಂದು ಒಳ ಹೆಸರು ಮಾಡ್ಕೊಳ್ಳಿ, ಅದಕ್ಕಿಂತ ಗಟ್ಟಿ ಬೇರೆ ಇಲ್ಲ. ಮನಸಿಗೆ ಬಂದ ಹೆಸರು ಮಾತ್ರ ಇಡ್ಬೇಡಿ, ನಾಳೆ ಅದೇ ಹೆಸರು ಹೊರಗೆ ಯಾರದ್ದೋ ಆಗಬಹುದು.

ಒಂದ್ಸಲ ಬರ್ತದೆ, ಒಂದ್ಸಲ ಬರಲ್ಲ, ಒಂದ್ನಿಮಿಷ ಬಿಟ್ಟು ಮತ್ತೆ ಬರ್ತದೆ, ಏನಿದು?

ರಿಸಾಲ್ವ್.ಕಾನ್ಫ್ ತೆಗೆದು ನೋಡಿ. ಮೊದಲನೇ ಸಾಲು ನಿಮ್ಮ ರೌಟರ್ 192.168.1.1, ಎರಡನೇ ಸಾಲು ಗೂಗಲ್ಲಿನ 8.8.8.8 ಅಂತ ಇದ್ರೆ ರೋಗ ಅಲ್ಲೇ ಇದೆ. "ಮೊದಲನೇದು ಕೈಕೊಟ್ರೆ ಎರಡನೇದು ಇರ್ಲಿ" ಅಂತ ಒಳ್ಳೇ ಮನಸಿಂದಲೇ ಎಲ್ರೂ ಹಾಕ್ತಾರೆ. ಆದ್ರೆ ಆಗೋದು ಏನು ಅಂದ್ರೆ, ರೌಟರ್ ಯಾವುದೋ ಕೆಲಸದಲ್ಲಿ ಸಿಕ್ಕಿ 5 ಸೆಕೆಂಡೊಳಗೆ ಉತ್ತರ ಕೊಡ್ಲಿಲ್ಲ ಅಂತಿಟ್ಕೊಳ್ಳಿ, ಸ್ಕ್ವಿಡ್ ಮುಂದಿನ ನೇಮ್‌ಸರ್ವರಿಗೆ ಕೇಳ್ತದೆ. ಗೂಗಲ್ಲಿಗೆ ನಿಮ್ಮ ಆಫೀಸಿನ ಲೆಕ್ಕದ ಸರ್ವರ್ ಹೇಗೆ ಗೊತ್ತಿರ್ಬೇಕು, ಅದು "ಅಂಥ ಹೆಸರೇ ಇಲ್ಲ" ಅಂತ ಖಡಾಖಂಡಿತ ಹೇಳ್ತದೆ. ಇಲ್ಲ ಅನ್ನೋದೂ ಒಂದು ಉತ್ತರವೇ, ಸ್ಕ್ವಿಡ್ ಅದನ್ನ ನಂಬಿ ನೆನಪಿಟ್ಕೋತದೆ, ನೆಗೆಟಿವ್_ಡಿಎನ್‌ಎಸ್_ಟಿಟಿಎಲ್ ಡೀಫಾಲ್ಟ್ 1 ನಿಮಿಷ. ಆ ಒಂದು ನಿಮಿಷ ಆಫೀಸಲ್ಲಿ ಯಾರು ಕೇಳಿದ್ರೂ ಎರರ್ರೇ. ನಿಮಿಷ ಕಳೆದ್ಮೇಲೆ ರೌಟರ್ ಉತ್ತರ ಕೊಟ್ರೆ ಎಲ್ಲ ಸರಿ. ಅಷ್ಟೊತ್ತಿಗೆ ಕೌಂಟರ್ ಮುಂದೆ ಜನ ನಿಂತಿರ್ತಾರೆ, ನಿಮ್ಗೆ ಫೋನ್ ಬಂದಿರ್ತದೆ, ನೀವು ಹೋಗಿ ನೋಡೋ ಹೊತ್ತಿಗೆ ಏನೂ ತೊಂದರೆ ಇರಲ್ಲ.

ಪಟ್ಟಿಯಲ್ಲಿರೋ ಎಲ್ಲ ನೇಮ್‌ಸರ್ವರಿಗೂ ಒಳಗಿನ ಹೆಸರು ಗೊತ್ತಿರ್ಬೇಕು, ಇಲ್ಲಾಂದ್ರೆ ಅದು ಪಟ್ಟಿಯಲ್ಲೇ ಇರ್ಬಾರ್ದು. ಸ್ಕ್ವಿಡ್.ಕಾನ್ಫ್‌ನಲ್ಲಿ ಡಿಎನ್‌ಎಸ್_ನೇಮ್‌ಸರ್ವರ್ಸ್ ಅಂತ ಬರ್ದು ಒಳಗಿನ ಸರ್ವರಿನ ಐಪಿ ಒಂದನ್ನೇ ಕೊಡಿ. ಅದನ್ನ ಕೊಟ್ಮೇಲೆ ಸ್ಕ್ವಿಡ್ ರಿಸಾಲ್ವ್.ಕಾನ್ಫ್‌ನ ನೇಮ್‌ಸರ್ವರ್ ಪಟ್ಟಿ ಬಿಟ್ಟುಬಿಡ್ತದೆ. ಹೊರಗಿನ ಹೆಸರನ್ನ 8.8.8.8ಗೋ ಇನ್ನೆಲ್ಲಿಗೋ ಕೇಳೋ ಕೆಲಸ ಆ ಒಳಗಿನ ಸರ್ವರ್ ಮಾಡ್ಲಿ, ಸ್ಕ್ವಿಡ್ ಮಾಡೋದು ಬೇಡ.

ಆ ಒಳಗಿನ ಡಿಎನ್‌ಎಸ್ ಸರ್ವರ್ ಅಂದ್ರೆ ದೊಡ್ಡ ಕೆಲಸನಾ?

ಅಲ್ಲ. ಡಿಎನ್‌ಎಸ್‌ಮಾಸ್ಕ್ ಅನ್ನೋ ಸಣ್ಣ ಸಾಫ್ಟ್‌ವೇರ್ ಸಾಕು, ಹಳೇ ಪಿಸಿ ಮೇಲೂ ಓಡ್ತದೆ, ಸ್ಕ್ವಿಡ್ ಇರೋ ಮಶೀನ್ ಮೇಲೇ ಇಡಬಹುದು. ಹೋಸ್ಟ್ಸ್ ಫೈಲಲ್ಲಿ ಇರೋ ಹೆಸರನ್ನೆಲ್ಲ ಅದು ಡಿಎನ್‌ಎಸ್ ಆಗಿ ಎಲ್ರಿಗೂ ಹೇಳ್ತದೆ. ಡೊಮೇನ್ ಮತ್ತು ಎಕ್ಸ್‌ಪ್ಯಾಂಡ್ ಹೋಸ್ಟ್ಸ್ ಅನ್ನೋ ಎರಡು ಸಾಲು ಹಾಕಿದ್ರೆ "ಲೆಕ್ಕ" ಅಂತ ಬರ್ದಿದ್ದಕ್ಕೆ ಉದ್ದದ ಹೆಸರೂ ಸಿಗ್ತದೆ. ಅದರ ಜೊತೆ ಲೋಕಲ್ ಅನ್ನೋ ಸಾಲಲ್ಲಿ ಆಫೀಸ್.ಇಂಟರ್ನಲ್ ಕೊಡೋದನ್ನ ಮರೀಬೇಡಿ, ಈ ಡೊಮೇನಿನ ಪ್ರಶ್ನೆ ಹೊರಗೆ ಕಳಿಸ್ಬೇಡ, ನಿನಗೆ ಗೊತ್ತಿದ್ರೆ ಹೇಳು ಇಲ್ಲಾಂದ್ರೆ ಇಲ್ಲ ಅನ್ನು ಅಂತ ಅದರರ್ಥ.

ಸರ್ವರ್, ಪ್ರಿಂಟರ್, ಕ್ಯಾಮೆರಾ ಬಾಕ್ಸುಗಳಿಗೆ ರೌಟರಲ್ಲೇ ಐಪಿ ರಿಸರ್ವ್ ಮಾಡಿಡಿ. ಹೆಸರು ಸರಿಯಿದ್ದು ಐಪಿ ಬದಲಾಗಿಬಿಟ್ರೆ ಲೆಕ್ಕದ ಪೇಜ್ ಹೊಡೆದವ್ರಿಗೆ ಪ್ರಿಂಟರ್ ಪೇಜ್ ಬರ್ತದೆ.

ಮಳೆಗಾಲದಲ್ಲಿ ಹೊರಗಿನ ಲೈನ್ ಹೋದ್ರೆ ಒಳಗಿನ ಸಾಫ್ಟ್‌ವೇರೂ ನಿಲ್ತದೆ

ನಮ್ಮ ಕಡೆಯವ್ರಿಗೆ ಇದು ಎಲ್ಲಕ್ಕಿಂತ ಮುಖ್ಯದ ಪ್ರಶ್ನೆ ಅಂತ ನನ್ನ ಭಾವನೆ. ಜೂನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೂ ಕೆಳಗೂ ಮರ ಬಿದ್ದು ಕೇಬಲ್ ಕಡಿಯೋದು, ದೇವಿಮನೆ ಘಟ್ಟದಂಥ ಜಾಗದಲ್ಲಿ ಮಣ್ಣು ಕುಸಿಯೋದು ಹೊಸದಲ್ಲ, ಲೈನ್ ದಿನಗಟ್ಟಲೆ ಬರ್ದೇ ಇರೋದೂ ಉಂಟು. ಆದ್ರೆ ಲೆಕ್ಕದ ಸರ್ವರ್ ಪಕ್ಕದ ಕೋಣೆಯಲ್ಲಿದೆ, ಅದಕ್ಕೂ ಇಂಟರ್ನೆಟ್ಟಿಗೂ ಸಂಬಂಧ ಇಲ್ಲ, ಅಡಿಕೆ ತಂದು ಹಾಕಿದ ರೈತನಿಗೆ ನೆಟ್ ಇಲ್ಲ ಅಂತ ಪಟ್ಟಿ ಕೊಡದೇ ಕಳಿಸೋದು ಆಗಬಾರದು.

ಆಗೋದು ಯಾಕೆ ಅಂದ್ರೆ ಒಳಗಿನ ಹೆಸರಿನ ಪ್ರಶ್ನೆಯೂ ಹೊರಗೆ ಹೋಗ್ತಿರ್ತದೆ. ಕೆಲವರು ಒಳಗಿನ ಐಪಿಯನ್ನ ಹೊರಗಿನ ಡಿಎನ್‌ಎಸ್ ಕಂಪನಿಯಲ್ಲೇ ಬರ್ದಿಟ್ಟಿರ್ತಾರೆ, ಲೈನ್ ಇರೋವರೆಗೆ ಗೊತ್ತೇ ಆಗಲ್ಲ. ಲೈನ್ ಹೋದ್ಮೇಲೆ ಸ್ಕ್ವಿಡ್ ಕೇಳ್ತಾ ಕೇಳ್ತಾ ಕೂತು 30 ಸೆಕೆಂಡಿಗೆ ಕೈಬಿಡ್ತದೆ, ಅದು ಡಿಎನ್‌ಎಸ್_ಟೈಮ್‌ಔಟ್‌ನ ಡೀಫಾಲ್ಟು. ಮೇಲೆ ಹೇಳಿದ ಹಾಗೆ ಒಳಗಿನ ಡಿಎನ್‌ಎಸ್ಸಲ್ಲಿ ಹೆಸರಿದ್ರೆ ಲೈನ್ ಇದ್ರೂ ಇಲ್ದಿದ್ರೂ ಅದೇ ಉತ್ತರ. ಮಳೆ ಶುರುವಾಗೋ ಮುಂಚೆ ಒಂದಿನ ರೌಟರಿನ ಹೊರಗಿನ ವಾಯರ್ ತೆಗೆದು, ಎಲ್ಲ ಪಿಸಿಯಿಂದ್ಲೂ ಒಳಗಿನ ಪೇಜುಗಳನ್ನ ತೆರೆದು ನೋಡಿ. ಇದನ್ನ ದಯವಿಟ್ಟು ಮಾಡಿ.

ಹಾಗೆ ನೋಡುವಾಗ ಪೇಜ್ ಅರ್ಧ ಬಂದು ನಿಂತ್ರೆ ಅದು ಡಿಎನ್‌ಎಸ್ ತಪ್ಪಲ್ಲದೆ ಇರಬಹುದು. ಸಾಫ್ಟ್‌ವೇರ್ ಬರ್ದವ್ರು ಫಾಂಟು, ಜಾವಾಸ್ಕ್ರಿಪ್ಟ್ ಲೈಬ್ರರಿ ಎಲ್ಲ ಹೊರಗಿನ ಸೈಟಿಂದ ಎಳ್ಕೊಳ್ಳೋ ಹಾಗೆ ಮಾಡಿರ್ತಾರೆ. ಅವನ್ನ ಸರ್ವರ್ ಮೇಲೇ ಇಟ್ಟುಕೊಡಿ ಅಂತ ಅವ್ರಿಗೇ ಹೇಳ್ಬೇಕು.

ಕರೆಂಟ್ ಹೋಗಿ ಬಂದ್ಮೇಲೆ ಪ್ರತಿ ಸಲ ಸ್ಕ್ವಿಡ್ ರೀಸ್ಟಾರ್ಟ್ ಮಾಡ್ಬೇಕಾಗ್ತದೆ

ಕರೆಂಟ್ ಬಂದ ಕೂಡ್ಲೇ ಸರ್ವರೂ ರೌಟರೂ ಒಟ್ಟಿಗೇ ಏಳ್ತವೆ. ರೌಟರ್ ಪೂರ್ತಿ ಎದ್ದು ಡಿಎಚ್‌ಸಿಪಿ ಕೊಡೋಕೆ ಮುಂಚೆ ಸ್ಕ್ವಿಡ್ ಎದ್ದು ರಿಸಾಲ್ವ್.ಕಾನ್ಫ್ ಓದಿಬಿಟ್ರೆ ಅಲ್ಲಿ ನೇಮ್‌ಸರ್ವರ್ ಒಂದೂ ಇರಲ್ಲ. ಆಗ ಕ್ಯಾಶ್.ಲಾಗ್‌ನಲ್ಲಿ ನೇಮ್‌ಸರ್ವರ್ ಯಾವುದೂ ಸಿಗ್ಲಿಲ್ಲ, ಲೋಕಲ್‌ಹೋಸ್ಟನ್ನೇ ಬಳಸಿ ನೋಡ್ತೀನಿ ಅನ್ನೋ ಅರ್ಥದ ವಾರ್ನಿಂಗ್ ಬಂದಿರ್ತದೆ. ರೀಸ್ಟಾರ್ಟ್ ಮಾಡಿದ್ರೆ ಸರಿ ಹೋಗೋದು ಅಷ್ಟೊತ್ತಿಗೆ ಫೈಲ್ ತುಂಬಿರೋದಕ್ಕೆ.

ಪ್ರಾಕ್ಸಿ ಮಶೀನಿಗೆ ಸ್ಟ್ಯಾಟಿಕ್ ಐಪಿ ಕೊಡಿ, ಡಿಎನ್‌ಎಸ್_ನೇಮ್‌ಸರ್ವರ್ಸ್ ಕಾನ್ಫಿಗಲ್ಲೇ ಬರೀರಿ. ಸಿಸ್ಟಮ್‌ಡಿ ಇರೋ ಲಿನಕ್ಸಾದ್ರೆ ಸ್ಕ್ವಿಡ್ ಸರ್ವಿಸ್ಸನ್ನ ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್ ಆದ್ಮೇಲೇ ಶುರು ಮಾಡೋ ಹಾಗೆ ಮಾಡಿ. ರೌಟರಿಗೂ ಒಂದು ಸಣ್ಣ ಯುಪಿಎಸ್ ಇದ್ರೆ ಇನ್ನೂ ಒಳ್ಳೇದು, ಸರ್ವರಿಗೆ ಕೊಟ್ಟು ರೌಟರಿಗೆ ಕೊಡದ ಆಫೀಸುಗಳೇ ಹೆಚ್ಚು.

ಎಲ್ಲ ಸರಿ ಮಾಡಿದೆ, ಆದ್ರೂ ಅದೇ ಎರರ್. ಸ್ಕ್ವಿಡ್ ತಲೇಲಿ ಏನಿದೆ ಅಂತ ನೋಡೋದು ಹೇಗೆ?

ಕ್ಯಾಶ್ ಮ್ಯಾನೇಜರ್ ಇದೆ ಅದಕ್ಕೆ. ಹಳೇ ವರ್ಶನ್‌ಗಳಲ್ಲಿ ಸ್ಕ್ವಿಡ್‌ಕ್ಲೈಂಟ್ ಕಮಾಂಡಿಗೆ ಎಮ್‌ಜಿಆರ್ ಕೋಲನ್ ಐಪಿಕ್ಯಾಶ್ ಅಂತ ಕೊಟ್ರೆ ನೆನಪಿಟ್ಟಿರೋ ಹೆಸರು, ಐಪಿ ಎಲ್ಲ ಬರ್ತದೆ. ವರ್ಶನ್ 7ರಿಂದ ಆ ಟೂಲ್ ತೆಗೆದಿದಾರೆ, ಅಲ್ಲಿ ಕರ್ಲ್ ಹಾಕಿ 3128 ಪೋರ್ಟಲ್ಲಿ ಸ್ಕ್ವಿಡ್ ಇಂಟರ್ನಲ್ ಎಮ್‌ಜಿಆರ್ ಪಾಥಿನ ಕೆಳಗೆ ಅದೇ ಐಪಿಕ್ಯಾಶ್ ಕೇಳಿ. ಹೆಸರಿನ ಎದುರಿಗೆ ಎಚ್ ಅಂತ ಇದ್ರೆ ಅದು ಹೋಸ್ಟ್ಸ್ ಫೈಲಿಂದ ಬಂದಿದ್ದು, ಎನ್ ಅಂತ ಇದ್ರೆ ಇಲ್ಲ ಅನ್ನೋ ಉತ್ತರ ನೆನಪಿಟ್ಟಿದ್ದು. ಐಡಿಎನ್‌ಎಸ್ ಅನ್ನೋ ಇನ್ನೊಂದು ರಿಪೋರ್ಟಲ್ಲಿ ಯಾವ ನೇಮ್‌ಸರ್ವರಿಗೆ ಎಷ್ಟು ಪ್ರಶ್ನೆ ಹೋಯ್ತು, ಎಷ್ಟಕ್ಕೆ ಉತ್ತರ ಬಂತು ಅಂತ ಇರ್ತದೆ. ನೀವು ಬದಲಾಯಿಸಿದೆ ಅಂದ್ಕೊಂಡ ನೇಮ್‌ಸರ್ವರ್ ಅಲ್ಲಿ ಇಲ್ಲಾಂದ್ರೆ ನೀವು ಎಡಿಟ್ ಮಾಡಿದ್ದು ಬೇರೆ ಯಾವುದೋ ಕಾನ್ಫಿಗ್ ಫೈಲು.

ಐಪಿ ಬದಲಾಯಿಸಿದ್ಮೇಲೂ ಹಳೇ ಐಪಿಗೇ ಹೋಗ್ತಿದ್ರೆ ಆ ರೆಕಾರ್ಡಿನ ಟಿಟಿಎಲ್ (ಉತ್ತರವನ್ನ ನೆನಪಿಟ್ಕೊಳ್ಳೋ ಅವಧಿ) ಮುಗೀಬೇಕು. ಪಾಸಿಟಿವ್_ಡಿಎನ್‌ಎಸ್_ಟಿಟಿಎಲ್ 6 ಗಂಟೆ ಅಂತ ಇರೋದು ಮೇಲಿನ ಮಿತಿ, ಅದಕ್ಕಿಂತ ಜಾಸ್ತಿ ಇಟ್ಕೊಳ್ಳಲ್ಲ. ಕಾಯೋಕಾಗಲ್ಲ ಅಂದ್ರೆ ಸ್ಕ್ವಿಡ್ ರೀಸ್ಟಾರ್ಟ್ ಮಾಡಿ.

ಆಕ್ಸೆಸ್.ಲಾಗ್ ಕೂಡ ಬಹಳ ಹೇಳ್ತದೆ. ಸಾಲಿನ ಕೊನೆ ಕಡೆ ಎಚ್‌ಐಇಆರ್ ಡೈರೆಕ್ಟ್ ಅಂತಿದ್ದು ಪಕ್ಕದಲ್ಲಿ ಐಪಿ ಇದ್ರೆ ಹೆಸರು ಸಿಕ್ಕಿದೆ, ತೊಂದರೆ ಆಚೆಗಿನದು. ಎಚ್‌ಐಇಆರ್ ನನ್ ಅಂತಿದ್ದು 503 ಇದ್ರೆ ಹೆಸರೇ ಸಿಗ್ಲಿಲ್ಲ ಅಂತ ಲೆಕ್ಕ.

ಹೆಸರು ಸಿಗ್ತದೆ, ಆದ್ರೆ ಆಕ್ಸೆಸ್ ಡಿನೈಡ್ ಅಂತದೆ. ಲೆಕ್ಕದ ಸಾಫ್ಟ್‌ವೇರು ಸ್ಕ್ವಿಡ್ಡೂ ಒಂದೇ ಮಶೀನಲ್ಲಿವೆ

ಡೆಬಿಯನ್, ಉಬುಂಟು ಇನ್‌ಸ್ಟಾಲ್ ಮಾಡುವಾಗ ಮಶೀನಿನ ಸ್ವಂತ ಹೆಸರನ್ನ ಹೋಸ್ಟ್ಸ್ ಫೈಲಲ್ಲಿ 127.0.1.1 ಅಂತ ಬರ್ದಿಡ್ತವೆ. ಸ್ಕ್ವಿಡ್ ಅದನ್ನೇ ಓದ್ಕೋತದೆ. ಸ್ಕ್ವಿಡ್ಡಿನಲ್ಲಿ ಟು_ಲೋಕಲ್‌ಹೋಸ್ಟ್ ಅನ್ನೋ ಎಸಿಎಲ್ ಇದೆ, 127ರಿಂದ ಶುರುವಾಗೋ ಎಲ್ಲ ಅಡ್ರೆಸ್ಸೂ ಅದರೊಳಗೆ ಬರ್ತವೆ, ಅದನ್ನ ಡಿನೈ ಮಾಡೋ ಸಾಲು ಕಾನ್ಫಿಗಲ್ಲಿದ್ರೆ ಬಾಗಿಲು ಮುಚ್ತದೆ. ಆ ಡಿನೈ ಸಾಲು ತೆಗೀಬೇಡಿ, ಸರ್ವರ್ ಒಳಗಿನ ಬೇರೆ ಸರ್ವಿಸ್‌ಗಳನ್ನ ಕಾಯ್ತಿರೋದು ಅದೇ. ಹೋಸ್ಟ್ಸ್ ಫೈಲಲ್ಲಿ ಆ ಹೆಸರಿಗೆ ಮಶೀನಿನ ನಿಜವಾದ ಲ್ಯಾನ್ ಐಪಿ ಬರ್ದು ರೀಕಾನ್ಫಿಗರ್ ಮಾಡಿ.

ಎಚ್‌ಟಿಟಿಪಿಎಸ್ ಪೇಜಾದ್ರೆ ಸ್ಕ್ವಿಡ್ ಎರರ್ ಪೇಜೇ ಕಾಣಲ್ಲ

ಕಾಣಲ್ಲ. ಅಲ್ಲಿ ಬ್ರೌಸರ್ ಕನೆಕ್ಟ್ ಅಂತ ಸುರಂಗ ಕೇಳ್ತದೆ, ಅದು ಸಿಗದಿದ್ರೆ ಪ್ರಾಕ್ಸಿ ಕೊಟ್ಟ ಪೇಜನ್ನ ಬ್ರೌಸರ್ ತೋರ್ಸಲ್ಲ, ಕ್ರೋಮಲ್ಲಿ ಟನಲ್ ಕನೆಕ್ಷನ್ ಫೇಲ್ಡ್ ಅಂತ ಮಾತ್ರ ಬರ್ತದೆ. ಕಾರಣ ಆಕ್ಸೆಸ್.ಲಾಗಲ್ಲೇ ನೋಡ್ಬೇಕು.

ನಮ್ಮದು ಟ್ರಾನ್ಸ್‌ಪರೆಂಟ್ ಪ್ರಾಕ್ಸಿ, ಲಾಗಲ್ಲಿ ಹೋಸ್ಟ್ ಹೆಡರ್ ಫೋರ್ಜರಿ ಅಂತ ಸೆಕ್ಯುರಿಟಿ ಅಲರ್ಟ್ ತುಂಬಿದೆ

ಯಾರೋ ಹ್ಯಾಕ್ ಮಾಡಿದಾರೆ ಅಂತ ಗಾಬರಿ ಬೇಡ, ಹೆಚ್ಚಿನ ಸಲ ಅಲ್ಲ. ಟ್ರಾನ್ಸ್‌ಪರೆಂಟಲ್ಲಿ ಬ್ರೌಸರಿಗೆ ಪ್ರಾಕ್ಸಿ ಇದೆ ಅಂತ ಗೊತ್ತೇ ಇರಲ್ಲ, ಹೆಸರನ್ನ ಪಿಸಿಯೇ ಹುಡುಕಿ ಒಂದು ಐಪಿಗೆ ಹೊರಡ್ತದೆ, ಸ್ಕ್ವಿಡ್ ನಡುವೆ ಹಿಡಿದು ಹೆಡರಲ್ಲಿರೋ ಹೆಸರನ್ನ ತಾನೂ ಒಮ್ಮೆ ಹುಡುಕಿ ನೋಡ್ತದೆ. ಎರಡೂ ಐಪಿ ತಾಳೆ ಆಗ್ಲಿಲ್ಲ ಅಂದ್ರೆ ಈ ಅಲರ್ಟು. ಪಿಸಿ ಒಂದು ಡಿಎನ್‌ಎಸ್, ಸ್ಕ್ವಿಡ್ ಇನ್ನೊಂದು ಡಿಎನ್‌ಎಸ್ ಬಳಸಿದ್ರೆ ಹೀಗಾಗೋದು ಸಹಜ. ಪೇಜು ಬರ್ತದೆ, ಆದ್ರೆ ಕ್ಯಾಶ್ ಆಗಲ್ಲ. ಹೋಸ್ಟ್_ವೆರಿಫೈ_ಸ್ಟ್ರಿಕ್ಟ್ ಆನ್ ಮಾಡಿದ್ರೆ ಪೇಜೂ ಬರಲ್ಲ, 409 ಎರರ್ ಬರ್ತದೆ. ಪಿಸಿಗಳೂ ಸ್ಕ್ವಿಡ್ಡೂ ಒಂದೇ ಒಳಗಿನ ಡಿಎನ್‌ಎಸ್ಸಿಗೆ ಕೇಳೋ ಹಾಗೆ ಮಾಡಿ, ಬ್ರೌಸರಿನ ಸೆಕ್ಯೂರ್ ಡಿಎನ್‌ಎಸ್ ಆನ್ ಇದ್ರೆ ಆಫೀಸ್ ಪಿಸಿಗಳಲ್ಲಿ ಆಫ್ ಮಾಡಿ.

ನಮ್ಮದು ಹೊನ್ನಾವರದ ಬ್ರಾಂಚು, ಹೊರಗಿನದೆಲ್ಲ ಕಾರವಾರದ ಹೆಡ್ ಆಫೀಸ್ ಪ್ರಾಕ್ಸಿ ಮೂಲಕವೇ ಹೋಗ್ಬೇಕು. ಇಲ್ಲಿನ ಸರ್ವರ್ ಹೆಸರು ಸಿಗ್ತಿಲ್ಲ

ಎರರ್ ಪೇಜಿನ ಅಡಿಯಲ್ಲಿ ಅದನ್ನ ಯಾವ ಸರ್ವರ್ ತಯಾರ್ಸಿದ್ದು ಅಂತ ಹೆಸರಿರ್ತದೆ, ಮೊದ್ಲು ಅದನ್ನ ಓದಿ. ಅಲ್ಲಿ ಹೆಡ್ ಆಫೀಸಿನ ಪ್ರಾಕ್ಸಿ ಹೆಸರಿದ್ರೆ ನಿಮ್ಮ ಸ್ಕ್ವಿಡ್ ಒಳಗಿನ ಹೆಸರನ್ನೂ ಅಲ್ಲಿಗೇ ಕಳಿಸ್ತಿದೆ, ಅವ್ರಿಗೆ ನಿಮ್ಮ ಹೊನ್ನಾವರದ ಸರ್ವರ್ ಹೇಗೆ ಗೊತ್ತು. ನೆವರ್_ಡೈರೆಕ್ಟ್ ಅಲೋ ಆಲ್ (ಯಾವುದೂ ನೇರ ಹೋಗ್ಬಾರ್ದು, ಮೇಲಿನ ಪ್ರಾಕ್ಸಿಗೇ ಹೋಗ್ಲಿ) ಅಂತ ಇರೋ ಕಡೆ, ಒಳಗಿನ ಡೊಮೇನಿಗೆ ಡಿಎಸ್‌ಟಿಡೊಮೇನ್ ಎಸಿಎಲ್ ಮಾಡಿ ಅದಕ್ಕೆ ಆಲ್ವೇಸ್_ಡೈರೆಕ್ಟ್ ಅಲೋ ಕೊಡಿ, ಸ್ಕ್ವಿಡ್ ಇದನ್ನೇ ಮೊದ್ಲು ನೋಡ್ತದೆ.

ಇದರ ಉಲ್ಟಾ ಕೂಡ ಉಂಟು. ಹೆಡ್ ಆಫೀಸ್ ಡಿಎನ್‌ಎಸ್ 10ರಿಂದ ಶುರುವಾಗೋ ಖಾಸಗಿ ಐಪಿ ಕೊಡ್ತದೆ, ಆದ್ರೆ ನಿಮ್ಮ ರೌಟರ್ ಅದನ್ನ ನಡುವೆ ಬಿಸಾಡ್ತದೆ. ಓಪನ್‌ಡಬ್ಲ್ಯೂಆರ್‌ಟಿ ರೌಟರಲ್ಲಿ ರೀಬೈಂಡ್ ಪ್ರೊಟೆಕ್ಷನ್ ಡೀಫಾಲ್ಟಾಗಿ ಆನ್ ಇರ್ತದೆ, ಹೊರಗಿಂದ ಬಂದ ಉತ್ತರದಲ್ಲಿ ಖಾಸಗಿ ಐಪಿ ಇದ್ರೆ ಬಿಡಲ್ಲ. ಪೂರ್ತಿ ಆಫ್ ಮಾಡ್ಬೇಡಿ, ಆ ಒಂದು ಡೊಮೇನಿಗೆ ಮಾತ್ರ ರೀಬೈಂಡ್ ಡೊಮೇನ್ ಓಕೆ ಅಂತ ವಿನಾಯಿತಿ ಕೊಡಿ.

ಪೇಜ್ ಬರ್ತದೆ, ಆದ್ರೆ ಮೊದಲನೇ ಸಲ ತುಂಬ ಹೊತ್ತು ತಗೋತದೆ

ಕಾನ್ಫಿಗಲ್ಲಿ ಎಸ್‌ಆರ್‌ಸಿಡೊಮೇನ್ ಎಸಿಎಲ್ ಇದೆಯಾ ನೋಡಿ. ಅದಿದ್ರೆ ಸ್ಕ್ವಿಡ್ ಪ್ರತಿ ಪಿಸಿಯ ಐಪಿಯಿಂದ ಹೆಸರು ಹುಡುಕೋ ರಿವರ್ಸ್ ಲುಕಪ್ ಮಾಡ್ತದೆ, 192.168ರ ಐಪಿಗಳಿಗೆ ಉತ್ತರ ಕೊಡೋರು ಯಾರೂ ಇಲ್ಲಾಂದ್ರೆ ಟೈಮ್‌ಔಟ್ ಆಗೋವರೆಗೆ ಕಾಯ್ತದೆ. ಅದರ ಬದಲು ಐಪಿಯಿಂದ್ಲೇ ಎಸ್‌ಆರ್‌ಸಿ ಎಸಿಎಲ್ ಬರೀರಿ.

ಅಲ್ಲ, ಒಳಗಿನ ಪೇಜು ಪ್ರಾಕ್ಸಿ ಮೂಲಕ ಯಾಕೆ ಹೋಗ್ಬೇಕು?

ಹೋಗ್ಬೇಕಾಗೇ ಇಲ್ಲ, ಹೆಚ್ಚಿನ ಆಫೀಸಿಗೆ ಇದೇ ಸರಿಯಾದ ಉತ್ತರ. ವಿಂಡೋಸ್ ಪ್ರಾಕ್ಸಿ ಸೆಟ್ಟಿಂಗಲ್ಲಿ ಲೋಕಲ್ ಅಡ್ರೆಸ್ಸಿಗೆ ಪ್ರಾಕ್ಸಿ ಬೇಡ ಅನ್ನೋ ಟಿಕ್ ಇದೆ, ಆದ್ರೆ ಅದು ಚುಕ್ಕಿ ಇಲ್ಲದ ಹೆಸರಿಗೆ ಮಾತ್ರ ಕೆಲಸ ಮಾಡ್ತದೆ, ಲೆಕ್ಕ.ಆಫೀಸ್.ಇಂಟರ್ನಲ್ ಅಂದ್ರೆ ಪ್ರಾಕ್ಸಿಗೇ ಹೋಗ್ತದೆ. ಅದಕ್ಕೆ ಬೇಡದ ಪಟ್ಟಿಯಲ್ಲಿ ನಕ್ಷತ್ರ ಹಾಕಿ ಡೊಮೇನ್ ಸೇರ್ಸಿ. ಹತ್ತಕ್ಕಿಂತ ಜಾಸ್ತಿ ಪಿಸಿ ಇದ್ರೆ ಒಂದು ಪ್ಯಾಕ್ ಫೈಲ್ (ಯಾವುದಕ್ಕೆ ಪ್ರಾಕ್ಸಿ ಬೇಕು, ಯಾವುದಕ್ಕೆ ಬೇಡ ಅಂತ ಬ್ರೌಸರಿಗೆ ಹೇಳೋ ಫೈಲು) ಮಾಡಿ ಒಳಗಿನ ಸರ್ವರ್ ಮೇಲಿಡಿ, ಈಸ್‌ಪ್ಲೇನ್‌ಹೋಸ್ಟ್‌ನೇಮ್, ಡಿಎನ್‌ಎಸ್‌ಡೊಮೇನ್‌ಈಸ್ ಈ ಎರಡು ಫಂಕ್ಷನ್ ಸಾಕು, ಹೊಂದಿದ್ರೆ ಡೈರೆಕ್ಟ್, ಇಲ್ಲಾಂದ್ರೆ ಪ್ರಾಕ್ಸಿ. ಆ ಫೈಲಲ್ಲಿ ಡಿಎನ್‌ಎಸ್‌ರಿಸಾಲ್ವ್ ಫಂಕ್ಷನ್ ಬಳಸ್ಬೇಡಿ, ಲೈನ್ ಇಲ್ದಾಗ ಪ್ರತಿ ಕ್ಲಿಕ್ಕಿಗೂ ಬ್ರೌಸರ್ ಕಾಯ್ತಾ ನಿಲ್ತದೆ.

ಬೈಪಾಸ್ ಮಾಡಿದ್ಮೇಲೆ ಹೆಸರು ಹುಡುಕೋ ಕೆಲಸ ಮತ್ತೆ ಪಿಸಿಗೆ ಬಂತು, ಆದ್ರಿಂದ ಪಿಸಿಗಳಿಗೂ ಒಳಗಿನ ಡಿಎನ್‌ಎಸ್ಸೇ ಸಿಗೋ ಹಾಗೆ ಡಿಎಚ್‌ಸಿಪಿಯಲ್ಲಿ ಕೊಡಿ.

ಯಾರೋ ಒಬ್ರು ಬೈಪಾಸ್ ಇಲ್ದೇ ಬಂದ್ರೂ ಕೆಲಸ ನಿಲ್ಬಾರ್ದು ಅಂತ ಪ್ರಾಕ್ಸಿಯಲ್ಲೂ ಹೆಸರು ಸರಿ ಮಾಡಿಡಿ, ಜೊತೆಗೆ ಒಳಗಿನ ಡೊಮೇನಿಗೆ ಕ್ಯಾಶ್ ಡಿನೈ ಹಾಕಿ. ಪಕ್ಕದ ಕೋಣೆಯ ಸರ್ವರನ್ನ ಕ್ಯಾಶ್ ಮಾಡಿ ಉಳಿಸೋದು ಏನೂ ಇಲ್ಲ, ಹಳೇ ಲೆಕ್ಕ ತೋರಿಸೋ ಅಪಾಯ ಮಾತ್ರ ಇದೆ.

ಇಷ್ಟೆಲ್ಲ ಆದ್ರೂ ಬಗೆಹರೀಲಿಲ್ಲ, ಬೇರೆಯವ್ರಿಗೆ ಕೇಳೋಕೆ ಏನೇನು ಕೊಡ್ಬೇಕು?

ಡೀಬಗ್_ಆಪ್ಷನ್ಸ್ ಅನ್ನೋ ಸಾಲಲ್ಲಿ ಆಲ್ ಕಾಮಾ 1 ಇಟ್ಟು, ಪಕ್ಕಕ್ಕೆ 78 ಕಾಮಾ 3 ಸೇರ್ಸಿ, 78 ಅನ್ನೋದು ಡಿಎನ್‌ಎಸ್ ಲುಕಪ್ಪಿನ ವಿಭಾಗ. ರೀಕಾನ್ಫಿಗರ್ ಮಾಡಿ, ಒಂದೇ ಒಂದು ಸಲ ಆ ಪೇಜ್ ತೆರೀರಿ, ಆಮೇಲೆ ಕ್ಯಾಶ್.ಲಾಗಿನ ಅಷ್ಟು ಸಾಲು, ಆಕ್ಸೆಸ್.ಲಾಗಿನ ಆ ಒಂದು ಸಾಲು, ಡಿಗ್ ಉತ್ತರ, ಸ್ಕ್ವಿಡ್ ಮೈನಸ್ ವಿ ತೋರ್ಸೋ ವರ್ಶನ್, ಕಾಮೆಂಟ್ ಸಾಲುಗಳನ್ನ ತೆಗೆದ ಸ್ಕ್ವಿಡ್.ಕಾನ್ಫ್, ಇಷ್ಟು ಕೊಡಿ. ಕಾನ್ಫಿಗಲ್ಲಿ ಪೇರೆಂಟ್ ಪ್ರಾಕ್ಸಿಯ ಪಾಸ್‌ವರ್ಡ್ ಇದ್ರೆ ಅಳಿಸಿ ಕೊಡಿ. ಕೆಲಸ ಆದ್ಮೇಲೆ ಡೀಬಗ್ ಸಾಲನ್ನ ಮೊದಲಿನ ಹಾಗೆ ಮಾಡಿ, ಇಲ್ಲಾಂದ್ರೆ ಲಾಗ್ ಬೆಳೆದು ಡಿಸ್ಕ್ ತುಂಬ್ತದೆ.